ಎಸ್‌ಟಿಪಿಯ ಬ್ಯಾಕ್ಟೀರಿಯಾದಿಂದ ಸ್ಕೂಟರ್ ಚಾರ್ಜ್ ಆಗುತ್ತದೆಯೇ? ಖಾಲಿ ಓಡುವ ಶಟಲ್‌ಗೆ ಏನು ಮಾಡಬೇಕು?

ಪ್ರಶ್ನೆ: ನಮ್ಮದು ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ ವಸತಿ ಸಮುಚ್ಚಯ. 240 ಮನೆ, ಸುಮಾರು 850 ಜನ. ನಾನು ನಿವಾಸಿಗಳ ಸಂಘದ ಖಜಾಂಚಿ. ನಮ್ಮ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕವೊಂದೇ ತಿಂಗಳಿಗೆ 4,500 ಯೂನಿಟ್ ವಿದ್ಯುತ್ ನುಂಗುತ್ತದೆ. ಮೆಟ್ರೊ ನಿಲ್ದಾಣಕ್ಕೆಂದು ನಡೆಸುತ್ತಿರುವ ಶಟಲ್ ವ್ಯಾನಿನಲ್ಲಿ ಬೆಳಿಗ್ಗೆ ಎರಡು ಟ್ರಿಪ್ ಬಿಟ್ಟರೆ ಮಿಕ್ಕ ಹೊತ್ತು ಜನರೇ ಇರುವುದಿಲ್ಲ. ಈಚೆಗೆ ಒಬ್ಬರು ಪ್ರಸ್ತಾವ ತಂದಿದ್ದಾರೆ: ಎಸ್‌ಟಿಪಿಗೆ 'ಸೂಕ್ಷ್ಮಜೀವಿ ಬ್ಯಾಟರಿ' ಅಳವಡಿಸಿದರೆ ನಿವಾಸಿಗಳ ಎಲೆಕ್ಟ್ರಿಕ್ ಸ್ಕೂಟರ್‌ಗಳನ್ನೂ ಶಟಲ್ಲನ್ನೂ ಅದರಿಂದಲೇ ಚಾರ್ಜ್ ಮಾಡಬಹುದಂತೆ. ಕೇಳುತ್ತಿರುವುದು 38 ಲಕ್ಷ ರೂಪಾಯಿ. ನನ್ನ ಮಗಳು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸಾರಿಗೆ ಯೋಜನೆ ಓದುತ್ತಿದ್ದಾಳೆ. ಅವಳ ವಿಶ್ವವಿದ್ಯಾಲಯದಲ್ಲಿ ಮೂತ್ರದಿಂದ ವಿದ್ಯುತ್ ತಯಾರಿಸಿದ್ದು ನಿಜ, ಆ ಊರಿನಲ್ಲಿ ಮಲದಿಂದ ಬಸ್ ಓಡಿಸಿದ್ದೂ ನಿಜ ಎನ್ನುತ್ತಾಳೆ. ಆದರೆ 'ಇಂಧನ ಬದಲಾಯಿಸುವ ಮೊದಲು ಜನ ಯಾಕೆ ಹತ್ತುತ್ತಿಲ್ಲ ಅಂತ ಕೇಳಿ ಅಮ್ಮಾ' ಎಂದೂ ಹೇಳಿದಳು. ಸಂಘದಲ್ಲಿ ಎರಡು ಗುಂಪಾಗಿದೆ. ಹಣ ಹಾಕಬಹುದೇ? ಇದು ಮೋಸವೇ, ವಿಜ್ಞಾನವೇ?

ಉತ್ತರ: ವಿಜ್ಞಾನ ನಿಜ. ನಿಮ್ಮ ಮುಂದಿಟ್ಟಿರುವ ಪ್ರಸ್ತಾವಕ್ಕೆ ಆ ವಿಜ್ಞಾನದ ಆಧಾರವಿಲ್ಲ. ಆ 38 ಲಕ್ಷವನ್ನು ಕೊಡಬೇಡಿ. ಯಾಕೆ ಎನ್ನುವುದನ್ನು ಅಂಕಿಯೊಂದಿಗೆ ವಿವರಿಸುತ್ತೇನೆ. ಮುಂದಿನ ಸಭೆಯಲ್ಲಿ ಎರಡೂ ಗುಂಪಿನವರಿಗೆ ಇದನ್ನು ಓದಿ ಹೇಳಬಹುದು. ಮಗಳು ಕೇಳಿದ ಪ್ರಶ್ನೆ ಪ್ರಸ್ತಾವಕ್ಕಿಂತ ದೊಡ್ಡದು. ಅದಕ್ಕೂ ಬರುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ನಿಮ್ಮ ಮಗಳು ಹೇಳಿದ ಎರಡು ಸಂಗತಿಗಳಲ್ಲೂ ದುಡಿಯುವುದು ಸೂಕ್ಷ್ಮಜೀವಿಗಳೇ. ಆದರೆ ಅವು ಮಾಡುವ ಕೆಲಸ ಬೇರೆ ಬೇರೆ. ಮೂತ್ರದ ಪ್ರಯೋಗದಲ್ಲಿ ಬ್ಯಾಕ್ಟೀರಿಯಾ ನೇರವಾಗಿ ವಿದ್ಯುತ್ ಕೊಡುತ್ತದೆ. ಬಸ್ಸಿನ ವಿಷಯದಲ್ಲಿ ಸೂಕ್ಷ್ಮಜೀವಿಗಳು ಮೀಥೇನ್ ಅನಿಲ ಕೊಡುತ್ತವೆ, ಅದನ್ನು ಎಂಜಿನ್ ಸುಡುತ್ತದೆ. ಎರಡನೆಯದು ನಮ್ಮ ಹಳ್ಳಿಗಳ ಗೋಬರ್ ಗ್ಯಾಸ್ ಕುಟುಂಬಕ್ಕೇ ಸೇರಿದ್ದು. ಪ್ರಸ್ತಾವ ತಂದವರು ಮೊದಲನೆಯದರ ಯಂತ್ರವನ್ನು ತೋರಿಸಿ ಎರಡನೆಯದರ ಫಲ ಸಿಗುತ್ತದೆಂದು ಹೇಳುತ್ತಿದ್ದಾರೆ. ಇಂಥ ಕರಪತ್ರಗಳನ್ನು ನಾನು ಬೇರೆ ಸಮುಚ್ಚಯಗಳಲ್ಲೂ ನೋಡಿದ್ದೇನೆ. ಗ್ರಾಫ್‌ಗಳು ಸುಂದರವಾಗಿರುತ್ತವೆ. ವ್ಯಾಟ್ ಎಷ್ಟು ಎಂಬುದು ಮಾತ್ರ ಎಲ್ಲೂ ಇರುವುದಿಲ್ಲ.

ಬ್ಯಾಕ್ಟೀರಿಯಾ ವಿದ್ಯುತ್ ಕೊಡುವ ಸಂಗತಿ ಹೊಸದೇನಲ್ಲ. ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕ ಎಂ. ಸಿ. ಪಾಟರ್ 1911ರಲ್ಲೇ ಇದನ್ನು ಪ್ರಕಟಿಸಿದ್ದರು. ಆಹಾರವನ್ನು ಒಡೆದು ಶಕ್ತಿ ಪಡೆಯುವಾಗ ಪ್ರತಿ ಜೀವಕೋಶಕ್ಕೂ ಎಲೆಕ್ಟ್ರಾನ್‌ಗಳು ಉಳಿಯುತ್ತವೆ, ಅವನ್ನು ಎಲ್ಲಿಗಾದರೂ ದಾಟಿಸಲೇಬೇಕು. ನಾವು ಉಸಿರಾಡುವ ಆಮ್ಲಜನಕದ ಕೆಲಸವೇ ಅದು, ಆ ಎಲೆಕ್ಟ್ರಾನ್‌ಗಳನ್ನು ತೆಗೆದುಕೊಳ್ಳುವುದು. ಆಮ್ಲಜನಕವಿಲ್ಲದ ಕೆಸರಿನಲ್ಲಿ ಬದುಕುವ ಕೆಲವು ಬ್ಯಾಕ್ಟೀರಿಯಾಗಳು ಅವನ್ನು ಕಬ್ಬಿಣದ ತುಕ್ಕಿಗೆ ದಾಟಿಸುತ್ತವೆ. 1987ರಲ್ಲಿ ಅಮೆರಿಕದ ಪೊಟೋಮ್ಯಾಕ್ ನದಿಯ ಕೆಸರಿನಲ್ಲಿ ಸಿಕ್ಕ ಜಿಯೋಬ್ಯಾಕ್ಟರ್ ಇಂಥದ್ದು. ತುಕ್ಕಿನ ಜಾಗದಲ್ಲಿ ಇಂಗಾಲದ ಬಟ್ಟೆಯೊಂದನ್ನು ಇಟ್ಟರೆ ಬ್ಯಾಕ್ಟೀರಿಯಾ ಅದರ ಮೇಲೆ ಲೋಳೆಯಂಥ ಪದರವಾಗಿ ಕೂತು ಎಲೆಕ್ಟ್ರಾನ್‌ಗಳನ್ನು ಅದಕ್ಕೇ ಒಪ್ಪಿಸುತ್ತದೆ. ಅಲ್ಲಿಂದ ತಂತಿ ಎಳೆದು, ಗಾಳಿ ತಾಗುವ ಇನ್ನೊಂದು ವಿದ್ಯುದ್ವಾರಕ್ಕೆ ಜೋಡಿಸಿದರೆ ಪ್ರವಾಹ ಹರಿಯುತ್ತದೆ. ಇದಕ್ಕೆ ಸೂಕ್ಷ್ಮಜೀವಿ ಇಂಧನಕೋಶ ಎನ್ನುತ್ತಾರೆ.

ಬ್ರಿಸ್ಟಲ್‌ನ ಯೂನಿವರ್ಸಿಟಿ ಆಫ್ ದಿ ವೆಸ್ಟ್ ಆಫ್ ಇಂಗ್ಲೆಂಡ್‌ನಲ್ಲಿ ಈ ಕೆಲಸ ಶುರುವಾದದ್ದು ರೊಬೊಟಿಕ್ಸ್ ಪ್ರಯೋಗಾಲಯದಲ್ಲಿ. ಸತ್ತ ನೊಣಗಳನ್ನು ತಿಂದು, ಅದರಿಂದ ಬರುವ ವಿದ್ಯುತ್ತಿನಲ್ಲೇ ನಿಧಾನವಾಗಿ ಚಲಿಸುವ 'ಇಕೋಬಾಟ್' ಎಂಬ ಪುಟ್ಟ ಯಂತ್ರಗಳನ್ನು ಅಲ್ಲಿ ಕಟ್ಟಿದರು. ಯೊವಾನಿಸ್ ಯೆರೋಪುಲೋಸ್ ಅವರ ತಂಡ ಮುಂದೆ ಮೂತ್ರದ ಕಡೆ ತಿರುಗಿತು. 2013ರಲ್ಲಿ ಮೂತ್ರದಿಂದ ಮೊಬೈಲ್ ಫೋನ್ ಚಾರ್ಜ್ ಮಾಡಿ ತೋರಿಸಿದರು. 2015ರಲ್ಲಿ ಆಕ್ಸ್‌ಫ್ಯಾಮ್ ಸಂಸ್ಥೆಯ ಜೊತೆ ಸೇರಿ ಕ್ಯಾಂಪಸ್ಸಿನಲ್ಲೇ ಒಂದು ಮೂತ್ರಾಲಯ ಕಟ್ಟಿದರು. ನಿರಾಶ್ರಿತರ ಶಿಬಿರಗಳಲ್ಲಿ ರಾತ್ರಿ ಹೊತ್ತು ಶೌಚಾಲಯಕ್ಕೆ ಹೋಗುವ ಹೆಂಗಸರಿಗೂ ಮಕ್ಕಳಿಗೂ ಬೆಳಕು ಕೊಡುವುದು ಅದರ ಉದ್ದೇಶ. ಆ ವರ್ಷದ ಜೂನ್‌ನಲ್ಲಿ ಗ್ಲಾಸ್ಟನ್‌ಬರಿ ಸಂಗೀತೋತ್ಸವದಲ್ಲಿ ದೊಡ್ಡ ಆವೃತ್ತಿಯನ್ನು ಇಟ್ಟರು. ದಿನಕ್ಕೆ ಸುಮಾರು ಸಾವಿರ ಜನ ಬಳಸಿದರು.

ಈಗ ಅಂಕಿ ನೋಡಿ. ಕ್ಯಾಂಪಸ್ಸಿನ ಮೂತ್ರಾಲಯದಲ್ಲಿ ಇದ್ದದ್ದು 288 ಕೋಶಗಳು. ಅವೆಲ್ಲ ಸೇರಿ ಕೊಟ್ಟ ಸರಾಸರಿ ಶಕ್ತಿ 75 ಮಿಲಿವ್ಯಾಟ್. ಅಂದರೆ ಒಂದು ವ್ಯಾಟಿನ ಹದಿಮೂರನೇ ಒಂದು ಭಾಗ. ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ ಸಾಮಾನ್ಯವಾಗಿ 3 ಕಿಲೋವ್ಯಾಟ್-ಗಂಟೆಯದು, ಅಂದರೆ 3 ಯೂನಿಟ್. 75 ಮಿಲಿವ್ಯಾಟಿನಲ್ಲಿ ಅದನ್ನು ತುಂಬಲು 40,000 ಗಂಟೆ ಬೇಕು, ನಾಲ್ಕೂವರೆ ವರ್ಷ. ಅದೇ ಕೋಶಗಳಿಂದ ಒಂದು ಸ್ಕೂಟರನ್ನು ರಾತ್ರಿಯ ಎಂಟು ಗಂಟೆಯೊಳಗೆ ತುಂಬಬೇಕೆಂದರೆ ಹದಿನಾಲ್ಕು ಲಕ್ಷಕ್ಕೂ ಹೆಚ್ಚು ಕೋಶ ಬೇಕಾಗುತ್ತದೆ. ಆ ಸಂಶೋಧಕರು ಈ 75 ಮಿಲಿವ್ಯಾಟಿನ ಅಂಕಿಯನ್ನು ಮುಚ್ಚಿಟ್ಟಿಲ್ಲ. ತಮ್ಮ ಪ್ರಬಂಧದ ಸಾರಾಂಶದಲ್ಲೇ ಬರೆದಿದ್ದಾರೆ. ಅವರು ಸ್ಕೂಟರ್ ಓಡಿಸಲು ಹೊರಟವರಲ್ಲ. ಎಲ್‌ಇಡಿ ದೀಪ ಹಚ್ಚಲು ಹೊರಟರು, ಹಚ್ಚಿದರು.

'ಅದು ಹತ್ತು ವರ್ಷದ ಹಿಂದಿನ ಮಾತು, ಈಗ ತಂತ್ರಜ್ಞಾನ ಮುಂದೆ ಹೋಗಿದೆ' ಎಂದು ನಿಮಗೆ ಉತ್ತರ ಬರಬಹುದು. ಸುಧಾರಣೆ ಆಗಿದೆ, ಒಪ್ಪುತ್ತೇನೆ. ಆದರೆ ಮಿತಿ ಇರುವುದು ಯಂತ್ರದ ನಾಜೂಕಿನಲ್ಲಿ ಮಾತ್ರವಲ್ಲ. ಒಂದು ಕೋಶದಿಂದ ಬಳಕೆಗೆ ಸಿಗುವ ವೋಲ್ಟೇಜ್ ಅರ್ಧ ವೋಲ್ಟಿನ ಆಸುಪಾಸು. ಕೋಶವನ್ನು ದೊಡ್ಡದು ಮಾಡಿದರೆ ಒಳಗಿನ ವಿದ್ಯುತ್ ರೋಧ ಹೆಚ್ಚಿ, ಗಾತ್ರಕ್ಕೆ ತಕ್ಕಂತೆ ಶಕ್ತಿ ಏರುವುದಿಲ್ಲ. ಅದಕ್ಕೇ ಬ್ರಿಸ್ಟಲ್ ತಂಡ ಕೋಶಗಳನ್ನು ಚಿಕ್ಕದಾಗಿಯೇ ಇಟ್ಟು ಸಂಖ್ಯೆ ಹೆಚ್ಚಿಸುವ ದಾರಿ ಹಿಡಿಯಿತು. ಸಾಲಾಗಿ ಜೋಡಿಸಿದಾಗ ಮತ್ತೊಂದು ತೊಡಕು: ನಡುವಿನ ಯಾವುದೋ ಒಂದು ಕೋಶಕ್ಕೆ ಆಹಾರ ಕಡಿಮೆಯಾದರೆ ಅದರ ಧ್ರುವವೇ ತಿರುಗಿಬಿದ್ದು ಉಳಿದವು ಕೊಟ್ಟದ್ದನ್ನು ತಿನ್ನತೊಡಗುತ್ತದೆ. ಆ ತಂಡ ಮಾಡಿದ ಒಂದು ಕೆಲಸ ನನಗೆ ಬಹಳ ಮೆಚ್ಚುಗೆ. ದುಬಾರಿ ಪ್ಲಾಸ್ಟಿಕ್ ಪೊರೆಯ ಬದಲು ಸುಟ್ಟ ಜೇಡಿಮಣ್ಣಿನ ಕೊಳವೆಗಳನ್ನು ಬಳಸಿದರು. ಕುಂಬಾರ ಮಾಡಬಲ್ಲ ಕೊಳವೆ, ಅದಕ್ಕೆ ಸುತ್ತಿದ ಇಂಗಾಲದ ತೆಳು ಬಟ್ಟೆ, ಒಂದೆರಡು ತಂತಿ. ಬಡ ದೇಶದ ಶಾಲೆಯೊಂದರಲ್ಲಿ ಕೆಟ್ಟರೆ ಅಲ್ಲಿಯೇ ಸರಿಮಾಡಿಕೊಳ್ಳಬಹುದಾದ ವಸ್ತು ಅದು.

ನಿಮ್ಮ ಎಸ್‌ಟಿಪಿಗೆ ಇದು ಹೊಂದದಿರಲು ಮತ್ತೊಂದು ಕಾರಣವನ್ನು ಕರಪತ್ರದವರು ಹೇಳಿರಲಾರರು. ಮೂತ್ರ ಗಾಢವಾದ ಆಹಾರ. ನಿಮ್ಮಲ್ಲಿ ಅದು ಫ್ಲಷ್ ನೀರು, ಸ್ನಾನದ ನೀರು, ಬಟ್ಟೆ ಒಗೆದ ನೀರು ಎಲ್ಲದರೊಂದಿಗೆ ಬೆರೆತು ಹತ್ತಾರು ಪಟ್ಟು ತೆಳುವಾಗಿ ಬರುತ್ತದೆ. ಮನೆಗಳ ಕೊಳಚೆ ನೀರಿನಲ್ಲಿ ನಡೆದ ದೊಡ್ಡ ಪ್ರಯೋಗಗಳಲ್ಲಿ ಒಂದು ಸಾವಿರ ಲೀಟರಿಗೆ ಸಿಕ್ಕಿದ್ದು ಸಾಮಾನ್ಯವಾಗಿ ಯೂನಿಟ್ಟಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ತಲೆಗೆ 135 ಲೀಟರ್ ಎಂದು ಹಿಡಿದರೆ ನಿಮ್ಮಲ್ಲಿ ದಿನಕ್ಕೆ ಸುಮಾರು 1,15,000 ಲೀಟರ್ ಕೊಳಚೆ ನೀರು. ಅತ್ಯಂತ ಉದಾರವಾಗಿ ಲೆಕ್ಕ ಹಾಕಿದರೂ ದಿನಕ್ಕೆ ಹನ್ನೊಂದೂವರೆ ಯೂನಿಟ್ ದಾಟದು. ನಿಮ್ಮ ಎಸ್‌ಟಿಪಿ ದಿನಕ್ಕೆ ತಿನ್ನುತ್ತಿರುವುದು 150 ಯೂನಿಟ್. ಹತ್ತು ಕಿಲೋವ್ಯಾಟಿನ ಸೌರ ಫಲಕಗಳನ್ನು ತಾರಸಿಯ ಮೇಲೆ ಹಾಕಿದರೆ ಬೆಂಗಳೂರಿನ ಬಿಸಿಲಿಗೆ ದಿನಕ್ಕೆ ಸರಾಸರಿ 40 ಯೂನಿಟ್ ಬರುತ್ತದೆ, ಯಾರ ಸಂಶೋಧನೆಯೂ ಬೇಕಿಲ್ಲ. ಸ್ಕೂಟರ್ ಚಾರ್ಜ್ ಮಾಡುವುದೇ ಗುರಿಯಾದರೆ ದಾರಿ ಅದು. ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆಯಲ್ಲಿ ನಿವಾಸಿಗಳ ಸಂಘಗಳಿಗೂ ಸಾಮಾನ್ಯ ಸೌಲಭ್ಯಗಳ ಬಳಕೆಗೆಂದು, ವಾಹನ ಚಾರ್ಜಿಂಗ್ ಸೇರಿದಂತೆ, ಕಿಲೋವ್ಯಾಟಿಗೆ 18,000 ರೂಪಾಯಿ ಸಹಾಯಧನವಿದೆ. ಈಗಿನ ನಿಯಮವನ್ನು ಬೆಸ್ಕಾಂನಲ್ಲಿ ವಿಚಾರಿಸಿ.

ಹಾಗಾದರೆ ಈ ತಂತ್ರಜ್ಞಾನ ನಿರುಪಯೋಗಿಯೇ? ಖಂಡಿತ ಅಲ್ಲ, ಯಾರಾದರೂ ಹಾಗೆಂದರೆ ನಾನು ವಾದಕ್ಕೆ ಕೂರುತ್ತೇನೆ. ಉಗಾಂಡಾದ ಕಿಸೊರೊ ಎಂಬಲ್ಲಿ ಸೆಸೆಮೆ ಬಾಲಕಿಯರ ಶಾಲೆಯ ಶೌಚಾಲಯಗಳಿಗೆ 2017ರಲ್ಲಿ ಈ ವ್ಯವಸ್ಥೆ ಜೋಡಿಸಿದರು. ರಾತ್ರಿ ಕತ್ತಲೆಗೆ ಹೆದರಿ ಶೌಚಾಲಯಕ್ಕೆ ಹೋಗದೆ ತಡೆದುಕೊಳ್ಳುವ ಹುಡುಗಿಗೆ ಒಂದು ವ್ಯಾಟಿಗಿಂತ ಕಡಿಮೆಯ ಬೆಳಕಿನ ಬೆಲೆ ಏನೆಂದು ಯೂನಿಟ್ಟಿನಲ್ಲಿ ಅಳೆಯಲಾಗದು. ನಮ್ಮ ದೇಶದಲ್ಲೂ ಖರಗ್‌ಪುರದ ಐಐಟಿಯಲ್ಲಿ ಶೌಚಾಲಯಕ್ಕೆ ಹೊಂದಿಸಿದ ಇಂಥ ಕೋಶಗಳ ಮೇಲೆ ಕೆಲಸ ನಡೆದಿದೆ. ವಿದ್ಯುತ್ ತಂತಿ ಇಲ್ಲದ ಕಡೆ ದೀಪಕ್ಕೆ, ನೀರಿನ ಮಾಲಿನ್ಯ ಅಳೆಯುವ ಸಂವೇದಕಗಳಿಗೆ, ಗಾಳಿ ಊದದೆ ಕೊಳಚೆಯನ್ನು ಶುದ್ಧಗೊಳಿಸುವುದಕ್ಕೆ ಇದರ ಭವಿಷ್ಯವಿದೆ. ಈ ಕೊನೆಯದು ನಿಮ್ಮ ಬಿಲ್ಲಿಗೆ ನೇರ ಸಂಬಂಧಪಟ್ಟದ್ದು. ಎಸ್‌ಟಿಪಿಯ ವಿದ್ಯುತ್ತಿನಲ್ಲಿ ಅರ್ಧ ಅಥವಾ ಅದಕ್ಕೂ ಹೆಚ್ಚು ತೊಟ್ಟಿಗೆ ಗಾಳಿ ಊದುವ ಬ್ಲೋವರಿಗೇ ಹೋಗುತ್ತದೆ. ಬ್ಯಾಕ್ಟೀರಿಯಾ ಎಲೆಕ್ಟ್ರಾನ್‌ಗಳನ್ನು ವಿದ್ಯುದ್ವಾರಕ್ಕೆ ದಾಟಿಸಿದರೆ ಅಷ್ಟು ಗಾಳಿ ಬೇಕಾಗುವುದಿಲ್ಲ, ಬಗ್ಗಡವೂ ಕಡಿಮೆ ಹುಟ್ಟುತ್ತದೆ. ಆದರೆ ವಸತಿ ಸಮುಚ್ಚಯಕ್ಕೆ ಕೊಂಡು ತಂದು ಕೂರಿಸುವ ಹಂತಕ್ಕೆ ಇದು ಇನ್ನೂ ಬಂದಿಲ್ಲ. ಯಾವುದಾದರೂ ವಿಶ್ವವಿದ್ಯಾಲಯ ತನ್ನ ಖರ್ಚಿನಲ್ಲಿ ನಿಮ್ಮಲ್ಲಿ ಪ್ರಯೋಗ ಮಾಡುತ್ತೇನೆಂದರೆ ಜಾಗ ಕೊಡಿ, ಹೆಮ್ಮೆಯಿಂದ ಕೊಡಿ. ಹಣ ನಿಮ್ಮದಾಗಬಾರದು.

ಇನ್ನು ಬಸ್ಸಿನ ಕಥೆ. ಬ್ರಿಸ್ಟಲ್‌ನ ಏವನ್‌ಮೌತ್ ಶುದ್ಧೀಕರಣ ಘಟಕದಲ್ಲಿ ಕೊಳಚೆಯನ್ನೂ ಆಹಾರ ತ್ಯಾಜ್ಯವನ್ನೂ ಗಾಳಿಯಿಲ್ಲದ ತೊಟ್ಟಿಗಳಲ್ಲಿ ಕೊಳೆಸಿ, ಬಂದ ಅನಿಲವನ್ನು ಶುದ್ಧಗೊಳಿಸಿ 2014ರ ನವೆಂಬರ್‌ನಲ್ಲಿ 'ಬಯೋ-ಬಸ್' ಓಡಿಸಿದರು. 2015ರಲ್ಲಿ ಅದು ನಗರದ ನಿತ್ಯದ ಮಾರ್ಗಕ್ಕಿಳಿಯಿತು. ನಂತರ ಆ ಊರಿನಲ್ಲಿ ಡಬಲ್ ಡೆಕ್ಕರ್ ಅನಿಲ ಬಸ್ಸುಗಳೇ ಹತ್ತಾರು ಬಂದವು. ಅವರು ಕೊಟ್ಟ ಲೆಕ್ಕದ ಪ್ರಕಾರ ಒಬ್ಬ ಮನುಷ್ಯನ ಒಂದು ವರ್ಷದ ಮಲ ಮತ್ತು ಆಹಾರ ತ್ಯಾಜ್ಯದಿಂದ ಬಸ್ಸು ಸುಮಾರು 60 ಕಿಲೋಮೀಟರ್ ಹೋಗುತ್ತದೆ.

ಈ ಲೆಕ್ಕ ನೋಡಿದರೆ ನಿಮಗೆ ಆಸೆ ಹುಟ್ಟುವುದು ಸಹಜ. 850 ಜನರಿಗೆ ಗುಣಿಸಿದರೆ ವರ್ಷಕ್ಕೆ 51,000 ಕಿಲೋಮೀಟರ್, ದಿನಕ್ಕೆ 140. ನಿಮ್ಮ ಶಟಲ್ ಅಷ್ಟು ದೂರ ಓಡುವುದೇ ಇಲ್ಲ. ಹಾಗಿದ್ದರೆ ಅನಿಲದ ದಾರಿ ಹಿಡಿಯಬಹುದಲ್ಲ? ಹಿಡಿಯಲು ಅಡ್ಡಿಯಾಗುವುದು ಪ್ರಮಾಣ. ತೊಟ್ಟಿಯಿಂದ ಬರುವ ಅನಿಲದಲ್ಲಿ ಮೀಥೇನ್ ಸುಮಾರು ಅರವತ್ತು ಶೇಕಡ ಮಾತ್ರ. ಉಳಿದದ್ದು ಇಂಗಾಲದ ಡೈಆಕ್ಸೈಡ್, ಜೊತೆಗೆ ಲೋಹವನ್ನು ಕೊರೆಯುವ, ಹೆಚ್ಚಾದರೆ ಮನುಷ್ಯನನ್ನೇ ಕೊಲ್ಲುವ ಹೈಡ್ರೋಜನ್ ಸಲ್ಫೈಡ್. ವಾಹನಕ್ಕೆ ಹಾಕಬೇಕಾದರೆ ಇವನ್ನು ಬೇರ್ಪಡಿಸಿ, ಇನ್ನೂರು ಬಾರ್‌ಗೂ ಹೆಚ್ಚು ಒತ್ತಡಕ್ಕೆ ಅಮುಕಬೇಕು. ಸ್ಫೋಟಕ ಸುರಕ್ಷತಾ ಇಲಾಖೆಯ ಅನುಮತಿ ಬೇಕು. ಗಂಟೆಗೆ ಒಂದೆರಡು ಘನ ಮೀಟರ್ ಅನಿಲ ಬರುವ ಕಡೆ ಈ ಯಂತ್ರಗಳನ್ನು ಕೂರಿಸುವುದು ಹಣದ ದೃಷ್ಟಿಯಿಂದಲೂ ಅಪಾಯದ ದೃಷ್ಟಿಯಿಂದಲೂ ತಪ್ಪು. ಮಕ್ಕಳು ಆಡುವ ಅಂಗಳದ ಕೆಳಗಿನ ನೆಲಮಾಳಿಗೆಯಲ್ಲಂತೂ ಬೇಡವೇ ಬೇಡ.

ಇದು ಊರು ಮಾಡಬೇಕಾದ ಕೆಲಸ. ಇಂದೋರ್ ಮಾಡಿ ತೋರಿಸಿದೆ. 2022ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಅಲ್ಲಿನ ಘಟಕ ದಿನಕ್ಕೆ 550 ಟನ್ ಹಸಿ ಕಸದಿಂದ 17,000 ಕಿಲೋ ಅನಿಲ ತೆಗೆಯುವ ಸಾಮರ್ಥ್ಯದ್ದು. ಅದು ನಗರದ ಬಸ್ಸುಗಳಿಗೆ ಹೋಗುತ್ತದೆ. ಇಂದೋರಿಗೆ ಇದು ಸಾಧ್ಯವಾದದ್ದು ಯಂತ್ರದಿಂದಲ್ಲ, ಮನೆ ಮನೆಯಲ್ಲೂ ಹಸಿ ಕಸ ಬೇರೆಯಾಗಿ ಬರುವುದರಿಂದ. ಬೆಂಗಳೂರು ತನ್ನ ಹಸಿ ಕಸವನ್ನೂ ಎಸ್‌ಟಿಪಿ ಬಗ್ಗಡವನ್ನೂ ಈ ದಾರಿಗೆ ತಂದರೆ ಬಿಎಂಟಿಸಿಯ ಒಂದು ಪಾಲು ಬಸ್ಸುಗಳಾದರೂ ಇದರಲ್ಲಿ ಓಡಬಹುದು. ನಿಮ್ಮ ಸಂಘ ವಾರ್ಡ್ ಮಟ್ಟದಲ್ಲಿ ಇದನ್ನು ಕೇಳಬೇಕು. ಕೇಳುವವರು ಕಡಿಮೆ ಇರುವುದರಿಂದಲೇ ಕಡತ ಮುಂದೆ ಹೋಗುತ್ತಿಲ್ಲ ಎಂದು ನನಗನ್ನಿಸುತ್ತದೆ.

ನಿಮ್ಮ ಮಟ್ಟದಲ್ಲಿ ಮಾಡಬಹುದಾದದ್ದು ಹಸಿ ಕಸದ ಸಣ್ಣ ಅನಿಲ ಘಟಕ. ದಿನಕ್ಕೆ 250 ಕಿಲೋ ಹಸಿ ಕಸ ಬರುತ್ತದೆಂದುಕೊಂಡರೆ ಸುಮಾರು ಇಪ್ಪತ್ತು ಘನ ಮೀಟರ್ ಅನಿಲ, ಒಂಬತ್ತು ಹತ್ತು ಕಿಲೋ ಅಡುಗೆ ಅನಿಲಕ್ಕೆ ಸಮ. ದಿನದ ಅರ್ಧ ಸಿಲಿಂಡರಿಗಿಂತ ಹೆಚ್ಚು. ಒತ್ತಡಕ್ಕೆ ಅಮುಕದೆ ಒಲೆಗೇ ಬಿಟ್ಟರೆ ಇದು ಸರಳವಾದ, ನಮ್ಮವರಿಗೆ ತಿಳಿದ ತಂತ್ರ. ಆದರೆ ಆ ಒಲೆ ಯಾರದ್ದು ಎಂಬ ಪ್ರಶ್ನೆಯನ್ನು ಮೊದಲೇ ಬಗೆಹರಿಸಿಕೊಳ್ಳಿ. 240 ಅಡುಗೆಮನೆಗಳಿಗೆ ಕೊಳವೆ ಎಳೆಯಲಾಗದು. ಸಮುಚ್ಚಯದಲ್ಲಿ ಕ್ಯಾಂಟೀನ್ ಇದ್ದರೆ, ಸಿಬ್ಬಂದಿಗೆ ಅಡುಗೆ ಆಗುವ ಜಾಗವಿದ್ದರೆ ಮಾತ್ರ ಇದಕ್ಕೆ ಅರ್ಥ.

ಇಲ್ಲಿ ನಮ್ಮದೇ ರಾಜ್ಯದ ಒಂದು ಸಂಶೋಧನೆಯನ್ನು ನೆನಪಿಸಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕೆಂದು 'ಅಸ್ತ್ರ' ಎಂಬ ಕೇಂದ್ರ ಆರಂಭಿಸಿದರು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಮೊದಲ ಯೋಜನೆ ಎಲ್ಲ ಮನೆಗೂ ಅಡುಗೆ ಅನಿಲ ಕೊಡುವುದು. ಸಿಕ್ಕ ಸಗಣಿಯಿಂದ ಬಂದ ಅನಿಲ ಅಡುಗೆಗೆ ಸಾಲಲಿಲ್ಲ, ಆ ಪ್ರಯತ್ನ ನಿಂತಿತು. ಊರಿನವರನ್ನು ಕೇಳಿದಾಗ ಅವರಿಗೆ ಮುಖ್ಯವಾಗಿ ಬೇಕಿದ್ದದ್ದು ಕುಡಿಯುವ ನೀರು ಎಂದು ತಿಳಿಯಿತು. ಅದೇ ಅನಿಲದಲ್ಲಿ ಎಂಜಿನ್ ಓಡಿಸಿ ವಿದ್ಯುತ್ ತೆಗೆದು, ಕೊಳವೆ ಬಾವಿಯಿಂದ ನೀರೆತ್ತಿ ನಲ್ಲಿಗೆ ಕೊಟ್ಟರು, ಮನೆಗಳಿಗೆ ದೀಪ ಕೊಟ್ಟರು. 1987ರಿಂದ ವರ್ಷಗಟ್ಟಲೆ ಅದು ನಡೆಯಿತು. ಸಗಣಿ ತಂದುಕೊಟ್ಟವರಿಗೆ ಬಗ್ಗಡವನ್ನು ಗೊಬ್ಬರವಾಗಿ ಹಿಂತಿರುಗಿಸುತ್ತಿದ್ದರು, ಹೊತ್ತು ತಂದ ಕೂಲಿಯನ್ನೂ ಕೊಡುತ್ತಿದ್ದರು. ಬ್ಯಾಕ್ಟೀರಿಯಾ ಎರಡು ಸಲವೂ ಅದೇ, ತೊಟ್ಟಿಯೂ ಅದೇ. ಬದಲಾದದ್ದು ಬಳಕೆ ಮತ್ತು ಜನರ ಪಾಲುದಾರಿಕೆ.

ನಿಮ್ಮ ಮಗಳು ಹೇಳಿದ್ದು ಇದನ್ನೇ. ಅವಳು ಓದುತ್ತಿರುವ ಊರಿನ ಅದೇ ವಿಶ್ವವಿದ್ಯಾಲಯದಲ್ಲಿ 2002ರಿಂದ ಸಾರಿಗೆ ಮತ್ತು ಸಮಾಜದ ಅಧ್ಯಯನಕ್ಕೆಂದೇ ಒಂದು ಕೇಂದ್ರವಿದೆ. ಅವರು ವಾಹನದ ಎಂಜಿನ್ನಿಗಿಂತ ಹೆಚ್ಚಾಗಿ ಪ್ರಯಾಣಿಕನ ದಿನಚರಿಯನ್ನು ನೋಡುತ್ತಾರೆ. 2017ರಲ್ಲಿ ಇಂಗ್ಲೆಂಡಿನ 26,000ಕ್ಕೂ ಹೆಚ್ಚು ಉದ್ಯೋಗಿಗಳ ಐದು ವರ್ಷಗಳ ಮಾಹಿತಿ ಇಟ್ಟುಕೊಂಡು ಒಂದು ಫಲಿತಾಂಶ ಪ್ರಕಟಿಸಿದರು: ಕೆಲಸಕ್ಕೆ ಹೋಗಿ ಬರುವ ಸಮಯ ದಿನಕ್ಕೆ 20 ನಿಮಿಷ ಹೆಚ್ಚಾದರೆ ಉದ್ಯೋಗದ ಬಗೆಗಿನ ತೃಪ್ತಿ ಕುಗ್ಗುವ ಪ್ರಮಾಣವೂ, ಸಂಬಳದಲ್ಲಿ ಶೇ 19 ಕಡಿತವಾದಾಗ ಕುಗ್ಗುವ ಪ್ರಮಾಣವೂ ಒಂದೇ. ದೀರ್ಘ ಪ್ರಯಾಣದ ಭಾರ ಬಸ್ಸಿನಲ್ಲಿ ಹೋಗುವವರಿಗೆ ಉಳಿದವರಿಗಿಂತ ಹೆಚ್ಚು ತಟ್ಟುತ್ತದೆ ಎಂಬುದೂ ಅದರಲ್ಲಿ ಕಂಡಿತು.

ಇದನ್ನು ನಿಮ್ಮ ಶಟಲ್‌ಗೆ ಹಚ್ಚಿ ನೋಡಿ. ನಿಮ್ಮ ಪತ್ರದಲ್ಲಿ ಶಟಲ್ ಎಷ್ಟು ನಿಮಿಷಕ್ಕೊಮ್ಮೆ ಹೊರಡುತ್ತದೆ ಎಂದಿಲ್ಲ. ಅರ್ಧ ಗಂಟೆಗೊಮ್ಮೆ ಎಂದಿಟ್ಟುಕೊಂಡರೆ, ಕಣ್ಣೆದುರೇ ತಪ್ಪಿಸಿಕೊಂಡವರು ಗೇಟಿನ ಹತ್ತಿರ ಅರ್ಧ ಗಂಟೆ ನಿಲ್ಲಬೇಕು. ನಿಂತು ಕಾಯುವ ಒಂದು ನಿಮಿಷ, ಕುಳಿತು ಸಾಗುವ ಎರಡು ನಿಮಿಷದಷ್ಟು ಭಾರ ಎಂದು ಸಾರಿಗೆ ಯೋಜಕರು ಲೆಕ್ಕ ಹಿಡಿಯುತ್ತಾರೆ. ಎರಡು ಸಲ ಹೀಗೆ ಆದವರು ಮೂರನೆಯ ಸಲ ಕಾರಿನ ಕೀಲಿ ಎತ್ತಿಕೊಳ್ಳುತ್ತಾರೆ, ಆಮೇಲೆ ಶಟಲ್ ಇದೆ ಎನ್ನುವುದನ್ನೇ ಮರೆಯುತ್ತಾರೆ. ವ್ಯಾನಿನ ಒಳಗೆ ಇರುವುದು ಡೀಸೆಲ್ಲೋ ಬ್ಯಾಟರಿಯೋ ಅನಿಲವೋ ಎಂದು ಅವರು ಯೋಚಿಸುವುದೂ ಇಲ್ಲ.

ಅಭ್ಯಾಸದ ಬಗ್ಗೆ ಇನ್ನೊಂದು ಸಂಗತಿ. ನಿತ್ಯದ ಪ್ರಯಾಣವನ್ನು ನಾವು ಪ್ರತಿದಿನ ತೂಗಿ ನೋಡಿ ನಿರ್ಧರಿಸುವುದಿಲ್ಲ. ಒಮ್ಮೆ ರೂಢಿಯಾದರೆ ಮುಗಿಯಿತು. ಆ ರೂಢಿ ಸಡಿಲಾಗುವುದು ಬದುಕು ಅಲುಗಿದಾಗ: ಮನೆ ಬದಲಾಯಿಸಿದಾಗ, ಹೊಸ ಕೆಲಸ ಸೇರಿದಾಗ, ಮಗುವಿನ ಶಾಲೆ ಬದಲಾದಾಗ. ಬ್ರಿಸ್ಟಲ್‌ನ ಸಂಶೋಧಕರು ವರ್ಷ ವರ್ಷ ಅದೇ ಕುಟುಂಬಗಳನ್ನು ಹಿಂಬಾಲಿಸಿದ ಸಮೀಕ್ಷೆಗಳಿಂದ ಇದನ್ನು ತೋರಿಸಿದ್ದಾರೆ. ಲಂಡನ್ನಿನಲ್ಲಿ 2014ರ ಫೆಬ್ರವರಿಯಲ್ಲಿ ಎರಡು ದಿನ ಸುರಂಗ ರೈಲಿನ ಮುಷ್ಕರವಾದಾಗ ಜನ ಅನಿವಾರ್ಯವಾಗಿ ಬೇರೆ ದಾರಿ ಹುಡುಕಿದರು. ಮುಷ್ಕರ ಮುಗಿದ ಮೇಲೂ ಅವರಲ್ಲಿ ಸುಮಾರು ಶೇ 5 ಮಂದಿ ಹೊಸ ದಾರಿಯಲ್ಲೇ ಉಳಿದರು. ಅದಕ್ಕೆ ಮೊದಲು ಅವರು ಹೆಚ್ಚು ಒಳ್ಳೆಯ ದಾರಿಯನ್ನು ಪರೀಕ್ಷಿಸಿಯೇ ಇರಲಿಲ್ಲ.

ನಿಮ್ಮ ಕಡೆ ಅಂಥ ದೊಡ್ಡ ಅಲುಗಾಟ ಆದದ್ದು 2023ರ ಅಕ್ಟೋಬರ್‌ನಲ್ಲಿ, ಮೆಟ್ರೊದ ನೇರಳೆ ಮಾರ್ಗ ಪೂರ್ತಿಯಾಗಿ ತೆರೆದಾಗ. ಅದು ಕಳೆಯಿತು. ಆದರೆ 240 ಮನೆಗಳಲ್ಲಿ ಬಾಡಿಗೆಯವರು ಬರುತ್ತಲೇ ಇರುತ್ತಾರೆ. ಹೊಸ ಕುಟುಂಬ ಸಾಮಾನು ಇಳಿಸುವ ವಾರದಲ್ಲೇ ಶಟಲ್ ಸಮಯಪಟ್ಟಿ, ಒಂದು ತಿಂಗಳ ಉಚಿತ ಪಾಸು, ಒಂದು ಮೆಟ್ರೊ ಕಾರ್ಡ್ ಅವರ ಕೈಗೆ ಕೊಡಿ. ಆರು ತಿಂಗಳ ನಂತರ ಕೊಟ್ಟರೆ ಅದು ಫ್ರಿಜ್ಜಿನ ಬಾಗಿಲಿಗೆ ಅಂಟಿದ ಕಾಗದವಾಗಿ ಉಳಿಯುತ್ತದೆ. ಬೆಳಿಗ್ಗೆ ಏಳರಿಂದ ಹತ್ತು, ಸಂಜೆ ಐದರಿಂದ ಒಂಬತ್ತು, ಹತ್ತು ನಿಮಿಷಕ್ಕೊಂದು ಟ್ರಿಪ್ ಇಡಿ. ಅದಕ್ಕಾಗಿ ಮಧ್ಯಾಹ್ನದ ಖಾಲಿ ಟ್ರಿಪ್‌ಗಳನ್ನು ಧೈರ್ಯವಾಗಿ ನಿಲ್ಲಿಸಿ. ಮಧ್ಯಾಹ್ನ ಶಟಲ್ ನಂಬಿಕೊಂಡಿರುವ ಹಿರಿಯರು ಇದ್ದರೆ ಅವರನ್ನು ಕೇಳಿಯೇ ನಿಲ್ಲಿಸಿ, ಅವರಿಗೆ ಫೋನ್ ಮಾಡಿದರೆ ಬರುವ ಆಟೊ ವ್ಯವಸ್ಥೆ ಮಾಡಿ. ಎರಡನೇ ಕಾರಿನ ನಿಲುಗಡೆಗೆ ಈಗ ನೀವು ಏನೂ ಪಡೆಯುತ್ತಿಲ್ಲವಾದರೆ, ಪಡೆದು ಶಟಲ್‌ಗೆ ಹಾಕುವ ದಾರಿಯೂ ಇದೆ. ಇದರಲ್ಲಿ ಸಭೆ ಬಿಸಿಯಾಗುವ ಅಪಾಯವಿದೆ, ಹಾಗಾಗಿ ಶಟಲ್ ಸುಧಾರಿಸಿ ತೋರಿಸಿದ ಮೇಲೆಯೇ ಪ್ರಸ್ತಾಪಿಸಿ.

ಇನ್ನೊಂದು ವಿಷಯವನ್ನು ನಾನು ಒತ್ತಿ ಹೇಳುತ್ತೇನೆ. ಬೆಳಿಗ್ಗೆ ನಿಲ್ದಾಣದಲ್ಲಿ ನಿವಾಸಿಗಳನ್ನು ಇಳಿಸಿದ ವ್ಯಾನು ಖಾಲಿ ಮರಳುತ್ತದೆ. ಅದೇ ಹೊತ್ತಿನಲ್ಲಿ ನಿಮ್ಮ ಮನೆಗಳಿಗೆ ಕೆಲಸಕ್ಕೆ ಬರುವ ಹೆಂಗಸರು, ತೋಟದವರು, ಭದ್ರತಾ ಸಿಬ್ಬಂದಿ ಬಸ್ ನಿಲ್ದಾಣದಿಂದ ಧೂಳಿನಲ್ಲಿ ನಡೆದು ಬರುತ್ತಿರುತ್ತಾರೆ. ಶಕ್ತಿ ಯೋಜನೆಯಿಂದಾಗಿ 2023ರ ಜೂನ್‌ನಿಂದ ಹೆಂಗಸರಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಖರ್ಚಿಲ್ಲ. ಕೊನೆಯ ಒಂದೆರಡು ಕಿಲೋಮೀಟರ್ ಮಾತ್ರ ಉಳಿದಿದೆ. ಮರಳುವ ವ್ಯಾನಿನಲ್ಲಿ ಅವರು ಕೂರಲಿ. ಹೆಚ್ಚುವರಿ ಖರ್ಚು ಇಲ್ಲ, ವ್ಯಾನು ಎರಡೂ ದಿಕ್ಕಿನಲ್ಲಿ ತುಂಬುತ್ತದೆ. 'ನಿವಾಸಿಗಳಿಗೆ ಮಾತ್ರ' ಎಂಬ ಫಲಕ ಇದ್ದರೆ ತೆಗೆಸಿ.

ಕೊನೆಗೆ ಆ 4,500 ಯೂನಿಟ್. ಇದರಲ್ಲಿ ಒಂದು ಪಾಲನ್ನು ಯಾವ ಹೊಸ ಆವಿಷ್ಕಾರವೂ ಇಲ್ಲದೆ ಉಳಿಸಬಹುದು. ನಾನು ನೋಡಿದ ಸಮುಚ್ಚಯಗಳ ಎಸ್‌ಟಿಪಿಗಳಲ್ಲಿ ಬ್ಲೋವರ್ ಮಧ್ಯಾಹ್ನ ಮೂರು ಗಂಟೆಗೂ ಬೆಳಗಿನ ಎಂಟು ಗಂಟೆಯಷ್ಟೇ ಜೋರಾಗಿ ಓಡುತ್ತಿರುತ್ತದೆ, ಒಳಗೆ ಬರುವ ಕೊಳಚೆ ನೀರು ಕಾಲು ಭಾಗವೂ ಇಲ್ಲದಾಗ. ಗಾಳಿ ತೊಟ್ಟಿಯ ಮೇಲ್ಮೈಯನ್ನು ನೀವೇ ಹೋಗಿ ನೋಡಿ. ಹಾಲಿನ ನೊರೆಯಂತೆ ಸಣ್ಣ ಗುಳ್ಳೆಗಳು ಎಲ್ಲೆಡೆ ಸಮನಾಗಿ ಏಳುತ್ತಿದ್ದರೆ ಸರಿ. ಒಂದು ಕಡೆ ನೀರು ಕುದಿಯುವಂತೆ ದೊಡ್ಡ ಗುಳ್ಳೆಗಳು, ಇನ್ನೊಂದು ಕಡೆ ನಿಶ್ಚಲವಾಗಿದ್ದರೆ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ಕೆಳಗಿನ ಡಿಫ್ಯೂಸರ್‌ಗಳು ಕಟ್ಟಿಕೊಂಡಿವೆ ಅಥವಾ ಹರಿದಿವೆ, ನೀವು ಗಾಳಿಗೆ ಹಣ ಕೊಟ್ಟು ಆಮ್ಲಜನಕ ಪಡೆಯುತ್ತಿಲ್ಲ. ಡಿಫ್ಯೂಸರ್ ಬದಲಾವಣೆ, ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ಮಾಪಕ, ಅದಕ್ಕೆ ತಕ್ಕಂತೆ ಬ್ಲೋವರಿನ ವೇಗ ತಗ್ಗಿಸುವ ಸಾಧನ, ಈ ಮೂರಕ್ಕೆ ಮೂರು ಕಡೆಯಿಂದ ದರಪಟ್ಟಿ ತರಿಸಿ. ಇದರಲ್ಲಿ ಒಂದು ಅಪಾಯವಿದೆ: ಉಳಿತಾಯದ ಹುಮ್ಮಸ್ಸಿನಲ್ಲಿ ಗಾಳಿ ತೀರಾ ಕಡಿಮೆ ಮಾಡಿದರೆ ವಾಸನೆ ಬರುತ್ತದೆ, ಶುದ್ಧೀಕರಿಸಿದ ನೀರು ಮಾಲಿನ್ಯ ನಿಯಂತ್ರಣ ಮಂಡಳಿಯ ಮಿತಿ ಮೀರುತ್ತದೆ. ಮಾಪಕವಿಲ್ಲದೆ ವೇಗಕ್ಕೆ ಕೈಹಾಕಬೇಡಿ.

ಹಸಿ ಕಸದ ಘಟಕ ಮಾಡುವುದಾದರೆ ಅದಕ್ಕೂ ಒಬ್ಬ ನಿಗದಿತ ಕೆಲಸಗಾರ ಬೇಕು. ಹಬ್ಬದ ಮಾರನೆಯ ದಿನ ಉಳಿದ ಅನ್ನ, ಪಾಯಸವನ್ನೆಲ್ಲ ಒಮ್ಮೆಗೇ ಸುರಿದರೆ ತೊಟ್ಟಿ ಹುಳಿಯಾಗಿ ಅನಿಲ ನಿಂತುಹೋಗುತ್ತದೆ, ಮತ್ತೆ ಹದಕ್ಕೆ ಬರಲು ವಾರಗಳು ಬೇಕು. ನಿಂಬೆ, ಕಿತ್ತಳೆ ಸಿಪ್ಪೆಯನ್ನು ಮಿತಿಯಲ್ಲಿಡಿ. ಎಸ್‌ಟಿಪಿಯಾಗಲಿ ಅನಿಲದ ತೊಟ್ಟಿಯಾಗಲಿ, ಸ್ವಚ್ಛ ಮಾಡಲೆಂದು ಯಾರನ್ನೂ ಒಳಗೆ ಇಳಿಸಬೇಡಿ, 'ಬರೀ ಐದು ನಿಮಿಷ' ಎಂದು ಗುತ್ತಿಗೆದಾರ ಹೇಳಿದರೂ ಸರಿಯೇ. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದಂತೆ ಮಾಡುತ್ತದೆ. ಒಬ್ಬನನ್ನು ಎತ್ತಲು ಹೋದ ಇನ್ನೊಬ್ಬನೂ ಬೀಳುತ್ತಾನೆ. ಬೆಂಗಳೂರಿನ ವಸತಿ ಸಮುಚ್ಚಯಗಳಲ್ಲೇ ಹೀಗೆ ಜೀವಗಳು ಹೋಗಿವೆ. ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ಇಂಥ ಅಪಾಯಕಾರಿ ಸ್ವಚ್ಛತೆಯನ್ನು ನಿಷೇಧಿಸಿದೆ, ಹೊಣೆ ಸಂಘದ ಪದಾಧಿಕಾರಿಗಳ ಮೇಲೂ ಬರುತ್ತದೆ.

ಪ್ರಸ್ತಾವ ತಂದವರಿಗೆ ಒಂದು ಪತ್ರ ಬರೆಯಿರಿ. ಇದೇ ಸಾಧನ ಮನೆಗಳ ಕೊಳಚೆ ನೀರಿನಲ್ಲಿ ಕನಿಷ್ಠ ಒಂದು ವರ್ಷ ಓಡಿರುವ ಜಾಗ ಯಾವುದು, ಅಲ್ಲಿ ಪಂಪುಗಳ ಖರ್ಚು ಕಳೆದು ತಿಂಗಳಿಗೆ ಎಷ್ಟು ಯೂನಿಟ್ ಬಂದಿದೆ, ಮೀಟರ್ ನೋಡಲು ನಿಮ್ಮನ್ನು ಕರೆದೊಯ್ಯುತ್ತಾರೆಯೇ ಎಂದು ಕೇಳಿ. ಉತ್ತರ ಲಿಖಿತವಾಗಿ ಬರಲಿ, ಅಲ್ಲಿಯವರೆಗೆ ಮುಂಗಡವೆಂದು ಒಂದು ರೂಪಾಯಿಯನ್ನೂ ಕೊಡಬೇಡಿ.